ಬೆಂಕಿ ಹಚ್ಚಿದವನ ಕಥೆ, ಮನೆ ಕಳೆದುಕೊಂಡವಳ ಪಟ್ಟಿ

ಎಲ್ಲರಿಗೂ ನಮಸ್ಕಾರ.

ಈ ತಿಂಗಳು ನಾವೆಲ್ಲ ಒಂದೇ ಪತ್ತೇದಾರಿ ಕಾದಂಬರಿ ಓದಿದೆವು. ಒಂದು ಊರು, ಒಂದರ ಹಿಂದೆ ಒಂದು ಮನೆಗೆ ಬೀಳುವ ಬೆಂಕಿ, ಹಚ್ಚುತ್ತಿರುವವನನ್ನು ಹುಡುಕುವ ಒಬ್ಬ ತನಿಖಾಧಿಕಾರಿ. ಇನ್ನೂ ಓದಿ ಮುಗಿಸದವರು ಇಲ್ಲಿದ್ದೀರಿ, ಹಾಗಾಗಿ ಕೊನೆಯ ಗುಟ್ಟು ಬಿಟ್ಟುಕೊಡುವುದಿಲ್ಲ. ನೀವು ಬರೆದುಕೊಟ್ಟ ಅಭಿಪ್ರಾಯಗಳನ್ನು ಓದಿ ಮಾತಾಡಬೇಕು ಅಂತ ನನಗೆ ಹೇಳಿದ್ದರು. ಒಂದೊಂದು ಚೀಟಿಯನ್ನೂ ಎರಡೆರಡು ಸಲ ಓದಿದ್ದೇನೆ.

"ಒಂದೇ ಗುಕ್ಕಿಗೆ ಓದಿ ಮುಗಿಸಿದೆ" ಅಂದವರೇ ಜಾಸ್ತಿ. ಅಪರಾಧಿ ಯಾರು ಅಂತ ಅರ್ಧಕ್ಕೇ ಗೊತ್ತಾಯಿತು ಅಂತ ಕೆಲವರು ಬರೆದಿದ್ದೀರಿ. ತನಿಖಾಧಿಕಾರಿಯ ಸಂಸಾರದ ತಾಪತ್ರಯ ಇಷ್ಟು ಬೇಕಿರಲಿಲ್ಲ ಅಂತ ಇಬ್ಬರು. ನನಗೂ ಹಾಗೇ ಅನ್ನಿಸಿತು. ಆದರೆ ಇವೆಲ್ಲ ಯಾವ ಪತ್ತೇದಾರಿ ಕಾದಂಬರಿಗೂ ಬರುವ ಮಾತುಗಳು. ಬೆಂಕಿಯ ಕಥೆಗೆ ಮಾತ್ರ ಬರಬಹುದಾದ ಮೂರು ಮಾತು ಈ ಚೀಟಿಗಳಲ್ಲಿವೆ. ಅವುಗಳನ್ನು ಬಿಟ್ಟು ಮುಂದೆ ಹೋಗೋಕೆ ನನ್ನಿಂದ ಆಗಲಿಲ್ಲ.

ಮೊದಲನೆಯದು ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿದ ಒಬ್ಬರದು. ಕಾದಂಬರಿಯಲ್ಲಿ ತನಿಖಾಧಿಕಾರಿ ಕಿಟಕಿಯ ಗಾಜನ್ನು ಕೈಯಲ್ಲಿ ಹಿಡಿಯುತ್ತಾಳೆ. ಗಾಜಿನ ತುಂಬ ಜೇಡರ ಬಲೆಯ ಹಾಗೆ ಸಣ್ಣ ಬಿರುಕು. "ಪೆಟ್ರೋಲ್ ಸುರಿದಿದ್ದಾರೆ" ಅಂತ ಅಲ್ಲೇ ತೀರ್ಮಾನ ಮಾಡುತ್ತಾಳೆ. ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: "ಗಾಜು ಹಾಗೆ ಬಿರುಕು ಬಿಡೋದು ನಾವು ನೀರು ಹೊಡೆದಾಗ."

ಅವರು ಹೇಳಿದ್ದು ಸರಿ. ಪೆಟ್ರೋಲ್‌ನಂಥದು ಉರಿದು ಗಾಜು ಬೇಗ ಕಾದರೆ ಹೀಗಾಗುತ್ತದೆ ಅಂತ ತನಿಖೆಯವರು ಎಷ್ಟೋ ವರ್ಷ ನಂಬಿಕೊಂಡಿದ್ದರು. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಗುಡ್ಡಗಳಲ್ಲಿ ಕಾಳ್ಗಿಚ್ಚು ಬಂದು ಸಾವಿರಾರು ಮನೆ ಸುಟ್ಟವು. ಅಲ್ಲಿ ಯಾರೂ ಮನೆಮನೆಗೆ ಪೆಟ್ರೋಲ್ ಸುರಿದಿರಲಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಇಂಥ ಗಾಜು ಸಿಕ್ಕಿತು. ಪ್ರಯೋಗ ಮಾಡಿ ನೋಡಿದಾಗ, ಕಾದ ಗಾಜಿಗೆ ತಣ್ಣೀರು ಬಿದ್ದಾಗ ಮಾತ್ರ ಆ ಬಿರುಕು ಬಂತು.

ಅದೇ ವರ್ಷ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅಲ್ಲಿ ಒಂದು ಮನೆ ಸುಟ್ಟುಹೋಗಿತ್ತು, ಯಾರೋ ಬೇಕೆಂದೇ ಹಚ್ಚಿದ್ದಾರೆ ಅನ್ನುವ ಅನುಮಾನ ಇತ್ತು. ಅದರ ಹತ್ತಿರವೇ ಅಂಥದೇ ಮನೆ ಖಾಲಿ ಇತ್ತು. ಅದಕ್ಕೆ ಬೇಕೆಂದೇ ಬೆಂಕಿ ಕೊಟ್ಟು ಗಡಿಯಾರ ನೋಡುತ್ತಾ ಕೂತರು. ಪೆಟ್ರೋಲ್ ಇಲ್ಲ, ಏನೂ ಇಲ್ಲ. ಸೋಫಾಗೆ ಹತ್ತಿದ ಬೆಂಕಿಯಿಂದ ಐದು ನಿಮಿಷದೊಳಗೆ ಇಡೀ ಕೋಣೆಯೇ ಧಗ್ ಅಂತ ಹತ್ತಿಕೊಂಡಿತು. ಇದಕ್ಕೆ ಫ್ಲಾಶ್‌ಓವರ್ ಅನ್ನುತ್ತಾರೆ. ಮೇಲೆ ಕಟ್ಟಿದ ಹೊಗೆಯ ಕಾವಿಗೆ ಕೋಣೆಯಲ್ಲಿರುವುದೆಲ್ಲ ಒಟ್ಟಿಗೇ ಉರಿಯುತ್ತದೆ, ನೆಲ ಕೂಡ. ಆಮೇಲೆ ನೆಲ ನೋಡಿದರೆ ಯಾರೋ ಏನನ್ನೋ ಸುರಿದ ಹಾಗೇ ಕಾಣುತ್ತದೆ.

ಕಥೆಯಲ್ಲಿ ಇಷ್ಟು ತಪ್ಪು ಇದ್ದರೆ ಏನಾಯಿತು ಅಂತ ನೀವು ಕೇಳಬಹುದು. ಟೆಕ್ಸಸ್‌ನಲ್ಲಿ ಕ್ಯಾಮರನ್ ಟಾಡ್ ವಿಲ್ಲಿಂಗ್‌ಹ್ಯಾಮ್ ಅನ್ನುವವನ ಮನೆಗೆ 1991ರಲ್ಲಿ ಬೆಂಕಿ ಬಿದ್ದು ಮೂವರು ಪುಟ್ಟ ಹೆಣ್ಣುಮಕ್ಕಳು ಸತ್ತರು. ಇಂಥದೇ ಗುರುತುಗಳನ್ನು ತೋರಿಸಿ ಅಪ್ಪನೇ ಹಚ್ಚಿದ ಅಂದರು. 2004ರಲ್ಲಿ ಅವನಿಗೆ ಮರಣದಂಡನೆ ಆಯಿತು. ಆ ಗುರುತುಗಳಿಗೆ ವಿಜ್ಞಾನದ ಆಧಾರವೇ ಇಲ್ಲ ಅಂತ ಬೆಂಕಿಯ ತಜ್ಞರು ಒಬ್ಬರಾದ ಮೇಲೆ ಒಬ್ಬರು ಹೇಳಿದ್ದಾರೆ. ಅಲ್ಲಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸೋದು ಜ್ಯೂರಿ, ಅಂದರೆ ಸಾಮಾನ್ಯ ಜನರ ಗುಂಪು. ಅದರಲ್ಲಿ ಕೂರುವವರೂ ನಮ್ಮ ಹಾಗೆ ಕಾದಂಬರಿ ಓದುವವರೇ, ಅಲ್ವಾ? ಅದಕ್ಕೇ ಆ ಒಂದು ಸಾಲಿನ ಚೀಟಿ ನನಗೆ ದೊಡ್ಡದಾಗಿ ಕಂಡಿತು.

ಎರಡನೆಯದು, ಬೆಂಕಿ ಹಚ್ಚುವವನ ಬಾಯಲ್ಲೇ ಬರುವ ಅಧ್ಯಾಯಗಳ ಬಗ್ಗೆ. ಇವು ತುಂಬ ಜನಕ್ಕೆ ಇಷ್ಟವಾಗಿವೆ. ಪರದೆಯ ಅಂಚಿನಿಂದ ಬೆಂಕಿ ಹೇಗೆ ಮೇಲೇರುತ್ತದೆ, ಸೂರು ಮುಟ್ಟಿ ಹೇಗೆ ಅಡ್ಡಡ್ಡ ಹರಡುತ್ತದೆ ಅಂತ ಲೇಖಕರು ಚೆನ್ನಾಗಿ ಬರೆದಿದ್ದಾರೆ. "ಅವನ ಪಕ್ಕ ನಾನೂ ನಿಂತು ನೋಡಿದ ಹಾಗಾಯಿತು" ಅಂತ ಒಬ್ಬರು ಮೆಚ್ಚಿ ಬರೆದಿದ್ದಾರೆ. ಇನ್ನೊಬ್ಬರು ಬರೆದದ್ದು ಇದು: "ಮನೆ ಉರಿಯೋದನ್ನು ಆರು ಪುಟ ಓದಿದೆ. ಒಳಗೆ ಯಾರಿದ್ದರು ಅಂತ ಎಲ್ಲೂ ಹೇಳಲಿಲ್ಲ."

ನಾನು ಈ ಎರಡನೆಯವರ ಕಡೆ. ಯಾಕೆ ಅಂತ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಜಾನ್ ಆರ್ ಅನ್ನುವ ಅಗ್ನಿಶಾಮಕ ಅಧಿಕಾರಿ ಇದ್ದ. ಬೆಂಕಿ ಹಚ್ಚಿದವರನ್ನು ಪತ್ತೆ ಮಾಡುವುದೇ ಅವನ ಕೆಲಸ. ಅದರಲ್ಲಿ ಹೆಸರೂ ಮಾಡಿದ್ದ. 1987ರಲ್ಲಿ ಅವನಂಥ ತನಿಖೆಯವರೆಲ್ಲ ಫ್ರೆಸ್ನೊದಲ್ಲಿ ಸಮ್ಮೇಳನಕ್ಕೆ ಸೇರಿದಾಗ ಆ ದಾರಿಯ ಊರುಗಳ ಅಂಗಡಿಗಳಿಗೆ ಬೆಂಕಿ ಬಿತ್ತು. ಬೇಕರ್ಸ್‌ಫೀಲ್ಡ್‌ನಲ್ಲಿ ಪೂರ್ತಿ ಸುಡದ ಒಂದು ತುಂಡು ಕಾಗದ ಸಿಕ್ಕಿತು. ಅದರ ಮೇಲೆ ಒಂದು ಬೆರಳಚ್ಚು. ಹಚ್ಚಿದವನು ಸಮ್ಮೇಳನಕ್ಕೆ ಬಂದವರಲ್ಲೇ ಒಬ್ಬ ಅಂತ ಅಲ್ಲಿನ ಅಧಿಕಾರಿಯೊಬ್ಬರಿಗೆ ಅನುಮಾನ ಬಂತು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಬೆರಳು ಆರ್‌ನದು ಅಂತ ಗೊತ್ತಾಗಿದ್ದು 1991ರಲ್ಲಿ.

ಈ ಆರ್ ಒಂದು ಕಾದಂಬರಿಯನ್ನೂ ಬರೆದಿದ್ದ. ಅದರಲ್ಲಿ ಬೆಂಕಿ ಹಚ್ಚುವವನು ಅಗ್ನಿಶಾಮಕ ದಳದವನೇ. 1984ರಲ್ಲಿ ಸೌತ್ ಪಸಡೀನಾದ ಒಂದು ದೊಡ್ಡ ಅಂಗಡಿಗೆ ಬೆಂಕಿ ಬಿದ್ದು ನಾಲ್ಕು ಜನ ಸತ್ತಿದ್ದರು. ಅವರಲ್ಲಿ ಒಬ್ಬ ಅಜ್ಜಿ, ಎರಡು ವರ್ಷದ ಮೊಮ್ಮಗ. ಆರ್‌ನ ಹಸ್ತಪ್ರತಿಯಲ್ಲೂ ಒಂದು ಅಂಗಡಿ ಉರಿಯುತ್ತದೆ, ಅಲ್ಲೂ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಸಾಯುತ್ತಾಳೆ. ಇದು ಬರೀ ಕಟ್ಟುಕಥೆ ಅಂತ ಅವನ ವಾದ. ಹಸ್ತಪ್ರತಿ ನ್ಯಾಯಾಲಯಕ್ಕೆ ಸಾಕ್ಷ್ಯವಾಗಿ ಬಂತು. 1998ರಲ್ಲಿ ಆ ನಾಲ್ಕು ಕೊಲೆಗಳಿಗೆ ಅವನಿಗೆ ಜೀವಾವಧಿ ಶಿಕ್ಷೆ ಆಯಿತು.

ಇದನ್ನು ತಿಳಿದ ಮೇಲೆ ನನಗೆ ಆ ಅಧ್ಯಾಯಗಳನ್ನು ಮೊದಲಿನ ಹಾಗೆ ಓದೋಕೆ ಆಗುತ್ತಿಲ್ಲ. ನಮ್ಮ ಲೇಖಕರ ತಪ್ಪು ಅಂತಲ್ಲ. ಹಚ್ಚಿದವನ ಕಣ್ಣಿಂದ ನೋಡುವಾಗ ಬೆಂಕಿ ಚೆಂದ ಕಾಣಲೇಬೇಕು, ಯಾಕೆಂದರೆ ಅವನಿಗೆ ಕಾಣೋದು ಬೆಂಕಿ ಒಂದೇ. ಆ ಚೆಂದ ಓದುಗರಿಗೂ ಹಿಡಿಸಿಬಿಟ್ಟರೆ ಒಳಗಿದ್ದವರನ್ನು ಪುಸ್ತಕ ಬೇರೆ ಎಲ್ಲಾದರೂ ತೋರಿಸಲೇಬೇಕು.

ತೋರಿಸಿದ್ದಾರೆ ಕೂಡ. ಅದೇ ಮೂರನೆಯ ಮಾತು. "ಹನ್ನೊಂದನೇ ಅಧ್ಯಾಯ ಸುಮ್ನೆ ಎಳೆದಿದ್ದಾರೆ, ತೆಗೆದುಹಾಕಿದ್ದರೂ ನಡೆಯುತ್ತಿತ್ತು." ಹೀಗೆ ಏಳು ಜನ ಬರೆದಿದ್ದೀರಿ. ಒಂದೇ ವಿಷಯಕ್ಕೆ ಇಷ್ಟು ಜನ ಬೇಸರ ಮಾಡಿಕೊಂಡದ್ದು ಇದೊಂದಕ್ಕೇ.

ಆ ಅಧ್ಯಾಯದಲ್ಲಿ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಮನೆ ಸುಟ್ಟುಹೋದ ಹೆಂಗಸು ಪಕ್ಕದ ಮನೆಯ ಮೇಜಿನ ಮುಂದೆ ಕೂತಿದ್ದಾಳೆ. ವಿಮೆಯವರಿಗೆ ಪಟ್ಟಿ ಕೊಡಬೇಕು. ಯಾವ ಕೋಣೆಯಲ್ಲಿ ಏನಿತ್ತು, ಯಾವಾಗ ಕೊಂಡದ್ದು, ಎಷ್ಟು ಕೊಟ್ಟದ್ದು. ಕುರ್ಚಿ, ಮಂಚ, ಗೋಡೆ ಗಡಿಯಾರ ಅಂತ ಸರಸರ ಬರೆಯುತ್ತಾಳೆ. ಹೊಲಿಗೆ ಯಂತ್ರಕ್ಕೆ ಬಂದಾಗ ಅದರ ಡ್ರಾಯರ್ ನೆನಪಾಗುತ್ತದೆ. ಮೊದಲನೆಯದರಲ್ಲಿ ದಾರದ ಉಂಡೆ. ಎರಡನೆಯದರಲ್ಲಿ ಗುಂಡಿಗಳ ಡಬ್ಬಿ. ಮೂರನೆಯದರಲ್ಲಿ ಏನಿತ್ತು ಅಂತ ನೆನಪಿಗೆ ಬರುವುದಿಲ್ಲ. ದಿನಾ ಎಳೆದು ಮುಚ್ಚುತ್ತಿದ್ದ ಡ್ರಾಯರ್ ಅದು. "ಮೂರನೇ ಡ್ರಾಯರ್" ಅಂತ ಬರೆದು, ಮುಂದಿನ ಜಾಗ ಖಾಲಿ ಬಿಟ್ಟು, ಪೆನ್ನಿನ ಮುಚ್ಚಳ ಹಾಕುತ್ತಾಳೆ. ತನಿಖಾಧಿಕಾರಿ ಎದುರಿಗೇ ಕೂತಿದ್ದಾಳೆ, ಏನೂ ಕೇಳುವುದಿಲ್ಲ.

ನಿಜ, ಇಲ್ಲಿ ಯಾವ ಸುಳಿವೂ ಸಿಗುವುದಿಲ್ಲ. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ನಾನು ಇಲ್ಲಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಚಾಕುವಿನಿಂದ ಕೊಂದವನು ಮನೆಯನ್ನು ಉಳಿಸಿ ಹೋಗುತ್ತಾನೆ. ಇವನು ಡ್ರಾಯರಿನಲ್ಲಿ ಏನಿತ್ತು ಅನ್ನುವುದನ್ನೂ ಕದ್ದಿದ್ದಾನೆ. ಅವನನ್ನು ಹಿಡಿಯಲೇಬೇಕು ಅಂತ ನನಗೆ ಅನ್ನಿಸಿದ್ದು ಆ ಖಾಲಿ ಸಾಲನ್ನು ಓದಿದಾಗ. ಅಲ್ಲಿಯವರೆಗೆ ಅವನು ಯಾರು ಅಂತ ತಿಳಿದರೆ ಸಾಕು ಅನ್ನಿಸುತ್ತಿತ್ತು ಅಷ್ಟೇ.

ಆ ಏಳು ಜನ ಇವತ್ತು ಇಲ್ಲಿ ಇದ್ದೀರಿ ಅಂದುಕೊಂಡಿದ್ದೇನೆ. ನಿಮ್ಮ ಮಾತು ಕೇಳಿ ನಾನೇ ನನ್ನ ಅಭಿಪ್ರಾಯ ಬದಲಾಯಿಸಿಕೊಳ್ಳಬೇಕಾಗಬಹುದು. ದಯವಿಟ್ಟು ಮೊದಲು ನೀವೇ ಮಾತಾಡಿ.