ಊಟ ಬಿಟ್ಟ ಸೋಮವಾರ, ಅಳೆದಿಟ್ಟ ಅಕ್ಕಿ

ಸಭೆಯಲ್ಲಿರುವ ಹಿರಿಯರೇ, ಸಹೋದ್ಯೋಗಿಗಳೇ, ನಿನ್ನೆ ರಾತ್ರಿಯ ಊಟ ಬಿಟ್ಟು ಈ ಬೆಳಿಗ್ಗೆ ಇಲ್ಲಿ ಕುಳಿತಿರುವ ಹಾಸ್ಟೆಲಿನ ವಿದ್ಯಾರ್ಥಿಗಳೇ, ನಿಮಗೆಲ್ಲ ನಮಸ್ಕಾರ.

ಈ ಸಭೆ ಮುಗಿದೊಡನೆ ನಿಮಗೆ ಉಪ್ಪಿಟ್ಟು ಸಿಗುತ್ತದೆ. ರಾತ್ರಿ ಹೊಟ್ಟೆ ಚುರುಗುಟ್ಟುತ್ತಿದ್ದಾಗಲೂ ಅದು ನಿಮಗೆ ಗೊತ್ತಿತ್ತು. ನಾವು ಮಾಡಿದ್ದು ಉಪವಾಸ. ನಾಳೆಯ ತುತ್ತು ಎಲ್ಲಿಂದ ಬರುತ್ತದೆಂದು ತಿಳಿಯದೆ ಮಲಗುವವರದು ಹಸಿವು. ಇವೆರಡೂ ಒಂದೇ ಎಂದು ಒಂದು ಹೊತ್ತು ಊಟ ಬಿಟ್ಟ ನಾವು ಹೇಳಿಕೊಂಡರೆ, ಹಸಿದವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಹಾಗಾದರೆ ಈ ಉಪವಾಸ ಏಕೆ ಎಂಬ ಪ್ರಶ್ನೆಗೆ ನನಗೆ ತಿಳಿದ ಉತ್ತರವನ್ನು ಹೇಳಲು ಬಂದಿದ್ದೇನೆ.

ಸೋಮವಾರವನ್ನು ನಾವು ಆರಿಸಿಕೊಂಡದ್ದಕ್ಕೆ ಕಾರಣವಿದೆ. 1965ರಲ್ಲಿ ದೇಶ ಬರಗಾಲ, ಯುದ್ಧ ಎರಡನ್ನೂ ಎದುರಿಸುತ್ತಿತ್ತು. ಪಿಎಲ್ 480 ಎಂಬ ಆಹಾರ ನೆರವಿನ ಒಪ್ಪಂದದಡಿ ಅಮೆರಿಕದಿಂದ ಹಡಗಿನಲ್ಲಿ ಬರುವ ಗೋಧಿಯನ್ನು ನಾವು ನೆಚ್ಚಿಕೊಂಡಿದ್ದೆವು. ಆಗ ಪ್ರಧಾನಿಯಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು, ಮತ್ತು ತಮ್ಮ ಮನೆಯಲ್ಲೂ ಅದನ್ನು ಪಾಲಿಸಿದರು. ಸೋಮವಾರ ಸಂಜೆ ಎಷ್ಟೋ ಊರುಗಳಲ್ಲಿ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. ನಮ್ಮ ಮನೆಗಳಲ್ಲಿ ‘ಒಪ್ಪತ್ತು’ ಎಂಬ ಮಾತು ಮೊದಲೇ ಇತ್ತು, ಆದರೆ ಅದು ದೇವರಿಗಾಗಿ. ಶಾಸ್ತ್ರಿಯವರು ಅದನ್ನು ಕಾಣದ ನೆರೆಯವನಿಗಾಗಿ ಮಾಡಿಸಿದರು. ರಂಜಾನಿನ ಉಪವಾಸದ ಕೊನೆಗೆ, ಹಬ್ಬದ ನಮಾಜಿಗೆ ಮುನ್ನವೇ ಬಡವರಿಗೆ ಫಿತ್ರಾ ಎಂಬ ದಾನ ಸಲ್ಲಿಸಬೇಕೆಂಬ ನಿಯಮದಲ್ಲೂ ಇದೇ ವಿವೇಕವಿದೆ: ಉಳಿಸಿದ್ದು ಇನ್ನೊಬ್ಬರ ಕೈ ಸೇರಬೇಕು.

ಈ ಕಾರಣಕ್ಕೇ ನಿನ್ನೆ ಸಂಜೆ ನಾನು ಹಾಸ್ಟೆಲಿನ ಅಡುಗೆಮನೆಯಲ್ಲಿ ನಿಂತಿದ್ದೆ. ದಿನವೂ ಆ ಹೊತ್ತಿಗೆ ಸಾರಿನ ಒಗ್ಗರಣೆಯ ಘಮ ಅಂಗಳದವರೆಗೆ ಬರುತ್ತದೆ. ನಿನ್ನೆ ದೊಡ್ಡ ಪಾತ್ರೆಗಳು ಬೋರಲಾಗಿದ್ದವು. ಅಡುಗೆಯವರು ತಲೆಗೆ ಅರ್ಧ ಪಾವಿನಂತೆ ಅಕ್ಕಿ ಅಳೆದು ಚೀಲಕ್ಕೆ ಸುರಿದರು. ಬೇಳೆ, ಎಣ್ಣೆ, ಉಪ್ಪನ್ನೂ ಬೇರೆ ತೆಗೆದಿಟ್ಟರು. ಹೀಗೆ ಅಳೆದು ತೆಗೆದಿಡದ ಉಪವಾಸ ನಮ್ಮ ಮನಸ್ಸಿನ ಸಮಾಧಾನಕ್ಕೆ ಮಾತ್ರ ಒದಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಧುಮೇಹದಂತಹ ತೊಂದರೆಯಿಂದ ಉಪವಾಸ ಮಾಡಲಾಗದ ಇಬ್ಬರು ವಿದ್ಯಾರ್ಥಿಗಳು ಒಂದೊಂದು ಕಿಲೋ ಅಕ್ಕಿ ತಂದುಕೊಟ್ಟರು, ಅವರೂ ಇದರಲ್ಲಿ ಸಮಾನ ಪಾಲುದಾರರು.

ಹಸಿವು ಯಾವಾಗಲೂ ಖಾಲಿ ತಟ್ಟೆಯ ರೂಪದಲ್ಲಿ ಕಾಣಿಸಿಕೊಳ್ಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೊಟ್ಟೆ ತುಂಬ ಅನ್ನವಿದ್ದು, ಜೊತೆಗೆ ಬೇಳೆ, ಸೊಪ್ಪು, ಮೊಟ್ಟೆ, ಹಾಲು ಇಲ್ಲದ ಮನೆಯ ಮಕ್ಕಳೂ ಇವರಲ್ಲಿ ಸೇರಿದ್ದಾರೆ.

ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ ಮರುವರ್ಷ ಅಕ್ಷರ ದಾಸೋಹ ಆರಂಭವಾಯಿತು. ಕೆಲವು ವರ್ಷಗಳ ಹಿಂದೆ ಹಳ್ಳಿಯ ಶಾಲೆಯೊಂದರಲ್ಲಿ ಬಿಸಿಯೂಟ ಬಡಿಸುತ್ತಿದ್ದ ತಾಯಿಯೊಬ್ಬರ ಪಕ್ಕ ನಾನು ನಿಂತಿದ್ದೆ. ಎರಡನೆಯ ತರಗತಿಯ ಹುಡುಗಿಯೊಬ್ಬಳು ಮೂರನೆಯ ಸಲ ತಟ್ಟೆ ಹಿಡಿದು ಬಂದಳು. ಆ ತಾಯಿ ಏನೂ ಕೇಳದೆ ಸೌಟು ತುಂಬ ಅನ್ನ ಹಾಕಿ, ಮೇಲೆ ಸಾಂಬಾರು ಸುರಿದು, ನನ್ನ ಕಡೆ ತಿರುಗಿ, “ಸೋಮವಾರ ಅಲ್ವಾ ಸಾರ್, ಇವತ್ತು ಅಕ್ಕಿ ಸ್ವಲ್ಪ ಜಾಸ್ತೀನೇ ಹಾಕ್ತೀನಿ. ನಿನ್ನೆ ಸ್ಕೂಲ್ ಇರ್ಲಿಲ್ವಲ್ಲ” ಎಂದರು. ಆ ಮಗುವಿನ ಭಾನುವಾರ ಹೇಗಿತ್ತೆಂಬುದು ಆ ಒಂದು ಮಾತಿನಲ್ಲಿ ತಿಳಿಯಿತು. ಬೇಸಿಗೆ ರಜೆಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ನೀವು ನಿನ್ನೆ ಬಿಟ್ಟ ಊಟ ಬೈಪಾಸ್ ಬಳಿಯ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಹೋಗುತ್ತದೆ. ಅಲ್ಲಿರುವ ಹೆಚ್ಚಿನವರು ಪಡಿತರ ಚೀಟಿಯನ್ನು ಊರಿನಲ್ಲೇ ಬಿಟ್ಟು ಬಂದವರು, ಅವರ ಮಕ್ಕಳಲ್ಲಿ ಕೆಲವರ ಹೆಸರು ಯಾವ ಅಂಗನವಾಡಿಯಲ್ಲೂ ಇಲ್ಲ. ಅಕ್ಕಿ ಕೊಟ್ಟು ಬರುವಾಗ ಆ ಹೆಸರುಗಳನ್ನು ಬರೆದುಕೊಂಡು ಹತ್ತಿರದ ಅಂಗನವಾಡಿಗೆ ಮುಟ್ಟಿಸಬೇಕು. ಅಕ್ಕಿ ನಾಲ್ಕು ದಿನಕ್ಕೆ ಮುಗಿದರೂ ದಾಖಲಾದ ಹೆಸರಿಗೆ ಊಟ ಬರುತ್ತಿರುತ್ತದೆ. ಟೆಂಪೋ ಹನ್ನೊಂದಕ್ಕೆ ಗೇಟಿನ ಬಳಿ ಬರುತ್ತದೆ. ಚೀಲ ಹೊರಲು ನಾಲ್ವರು, ಹೆಸರು ಬರೆದುಕೊಳ್ಳಲು ಇಬ್ಬರು ಬೇಕು. ಮೊದಲು ಉಪ್ಪಿಟ್ಟು ತಿಂದು ಬನ್ನಿ.