ಒಂದು ಡಾಲರ್‌ಗೆ ಬಂದ ಕ್ರೇನ್

[ದೃಶ್ಯ: ಬಂದರಿನ ಮೇಲೆ ನಿಂತ ದೈತ್ಯ ಕ್ರೇನ್, ಕೆಳಗೆ ಇರುವೆ ಸಾಲಿನ ಹಾಗೆ ಕಾಣುವ ಜನ]

2002ರಲ್ಲಿ ಸ್ವೀಡನ್‌ನ ಮಾಲ್ಮೋದಿಂದ ಒಂದು ಕ್ರೇನ್ ಊರು ಬಿಟ್ಟಿತು. ಎತ್ತರ 138 ಮೀಟರ್. ಒಂದೇ ಸಲಕ್ಕೆ 1,500 ಟನ್ ಎತ್ತುವ ತಾಕತ್ತು. ಮಾರಿದ ಬೆಲೆ? 1 ಡಾಲರ್. ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸುವ ಖರ್ಚು ಕೊಂಡವರದ್ದು. ಅದೇನೂ ಸುಮ್ನೆ ಆಗುವ ಕೆಲಸ ಅಲ್ಲ ಬಿಡಿ.

ಕೊಂಡಿದ್ದು ದಕ್ಷಿಣ ಕೊರಿಯಾದ ಹ್ಯುಂಡೈ ಹೆವಿ ಇಂಡಸ್ಟ್ರೀಸ್. ಕಾರು ಮಾಡುವ ಹ್ಯುಂಡೈ ಅಲ್ವಾ? ಹುಟ್ಟಿದ ಮನೆ ಒಂದೇ, ಈಗ ಸಂಸಾರ ಬೇರೆ ಬೇರೆ. ಮಾಲ್ಮೋದಲ್ಲಿ ಹಡಗು ಕಟ್ಟುವ ಕೆಲಸ ನಿಂತುಹೋಗಿತ್ತು, ಹ್ಯುಂಡೈನ ಹಡಗು ಯಾರ್ಡ್ ಇರುವ ಕೊರಿಯಾದ ಉಲ್ಸಾನ್‌ನಲ್ಲಿ ಕ್ರೇನ್‌ಗೆ ಕೈತುಂಬ ಕೆಲಸ ಇತ್ತು. ಕೊರಿಯಾದವರು ಅದಕ್ಕೆ ಇಟ್ಟ ಹೆಸರು 'ಮಾಲ್ಮೋದ ಕಣ್ಣೀರು'.

[ದೃಶ್ಯ: ಹಳೆಯ 500 ವಾನ್ ನೋಟು, ಆಮೆ ಹಡಗಿನ ಚಿತ್ರ ಹತ್ತಿರದಿಂದ]

ಇನ್ನೂ 30 ವರ್ಷ ಹಿಂದೆ ಹೋಗೋಣ. ಹ್ಯುಂಡೈ ಕಟ್ಟಿದ ಚುಂಗ್ ಜು-ಯುಂಗ್ ಹಡಗು ಕಟ್ಟುವ ಶಿಪ್‌ಯಾರ್ಡ್‌ಗಾಗಿ ಸಾಲ ಕೇಳಲು ಲಂಡನ್‌ಗೆ ಹೋದರು. ದೊಡ್ಡ ಹಡಗು ಕಟ್ಟಿದ ಅನುಭವ ಇಲ್ಲ. ಶಿಪ್‌ಯಾರ್ಡ್ ಕೂಡ ಇಲ್ಲ, ಇದ್ದದ್ದು ಬರೀ ಕಡಲತೀರ. ಆಗ ಅವರು ಜೇಬಿನಿಂದ 500 ವಾನ್ ನೋಟು ತೆಗೆದು ಅದರ ಮೇಲಿದ್ದ ಆಮೆ ಹಡಗು, ಅಂದರೆ ಆಮೆ ಚಿಪ್ಪಿನ ಹಾಗೆ ಮೇಲೆ ಮುಚ್ಚಿಗೆ ಇದ್ದ ಹಳೇ ಯುದ್ಧ ಹಡಗು, ತೋರಿಸಿದರಂತೆ. 'ನಾವು 16ನೇ ಶತಮಾನದಲ್ಲೇ ಇಂಥದ್ದು ಕಟ್ಟಿದವರು' ಅನ್ನುವುದು ಅವರ ವಾದ. ಕೊರಿಯಾದಲ್ಲಿ ಈ ಕಥೆ ಮನೆಮಾತು. ಹೇಳಿ ಹೇಳಿ ಸ್ವಲ್ಪ ಬಣ್ಣವೂ ಏರಿರಬಹುದು.

ಆದರೆ ಮುಂದಿನದ್ದಕ್ಕೆ ಬಣ್ಣ ಬೇಕಿಲ್ಲ. ಗ್ರೀಸ್‌ನ ಹಡಗು ಮಾಲೀಕ ಲಿವಾನೋಸ್ ತಲಾ ಸುಮಾರು 2,60,000 ಟನ್‌ನ ಎರಡು ತೈಲ ಹಡಗುಗಳಿಗೆ ಆರ್ಡರ್ ಕೊಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ! 1972ರ ಮಾರ್ಚ್‌ನಲ್ಲಿ ನೆಲ ಅಗೆದರು. ಒಂದು ಕಡೆ ಡಾಕ್, ಅಂದರೆ ಹಡಗು ಕಟ್ಟುವ ದೊಡ್ಡ ಗುಂಡಿ, ತೋಡುತ್ತಾ, ಇನ್ನೊಂದು ಕಡೆ ಹಡಗು ಕಟ್ಟುತ್ತಾ ಹೋದರು. 1974ರ ಜೂನ್‌ನಲ್ಲಿ ಯಾರ್ಡ್‌ನ ಉದ್ಘಾಟನೆ, ಹಡಗುಗಳ ನಾಮಕರಣ ಎರಡೂ ಒಂದೇ ದಿನ.

[ದೃಶ್ಯ: ಉಕ್ಕಿನ ಹಾಳೆಯ ಮೇಲೆ ಓಡುವ ನೀಲಿ ಜ್ವಾಲೆ, ಬೆನ್ನಿಗೇ ನೀರು]

ಈಗ ಕೆಲಸ ನೋಡೋಣ. ಹಡಗನ್ನು ತಳದಿಂದ ಗೋಡೆ ಎಬ್ಬಿಸಿದ ಹಾಗೆ ಕಟ್ಟುವುದಿಲ್ಲ. ಬೇರೆ ಬೇರೆ ಶೆಡ್‌ಗಳಲ್ಲಿ ನೂರಾರು ತುಂಡು ಮಾಡುತ್ತಾರೆ. ಇವೇ ಬ್ಲಾಕ್. ಪೈಪು, ಏಣಿ ಎಲ್ಲ ಆದಷ್ಟು ಅಲ್ಲೇ ಕೂರಿಸುತ್ತಾರೆ. ಆಮೇಲೆ ಕ್ರೇನ್ ಒಂದೊಂದನ್ನೇ ಎತ್ತಿ ನೀರು ಖಾಲಿ ಮಾಡಿದ ಡಾಕ್‌ನಲ್ಲಿ, ಅಂದರೆ ಡ್ರೈ ಡಾಕ್‌ನಲ್ಲಿ, ಇಡುತ್ತದೆ. ಕ್ರೇನ್ ದೊಡ್ಡದಾದಷ್ಟೂ ತುಂಡು ದೊಡ್ಡದು, ಡಾಕ್ ಬೇಗ ಖಾಲಿ. ಡಾಕ್ ಖಾಲಿಯಾದರೆ ತಾನೇ ಮುಂದಿನ ಹಡಗು? 1,500 ಟನ್ ಎತ್ತುವ ಹಳೇ ಕ್ರೇನ್ ಮೇಲೆ ಕಣ್ಣು ಬಿದ್ದಿದ್ದು ಅದಕ್ಕೇ.

ನನಗೆ ತುಂಬಾ ಇಷ್ಟವಾದದ್ದು ಹಡಗಿನ ಮೂತಿಯ ಭಾಗ. ಅಲ್ಲಿನ ಉಕ್ಕು ಎರಡೂ ದಿಕ್ಕಿಗೆ ಬಾಗಿರಬೇಕು. ಪ್ರೆಸ್‌ನಲ್ಲಿ ಅಷ್ಟು ನಾಜೂಕು ಬರುವುದಿಲ್ಲ. ಕೆಲಸಗಾರ ಗ್ಯಾಸ್ ಟಾರ್ಚ್ ಹಿಡಿದು ಗೆರೆ ಎಳೆದ ಹಾಗೆ ಕಾಯಿಸುತ್ತಾನೆ, ಹಿಂದೆಯೇ ನೀರು ಬಿಡುತ್ತಾನೆ. ಕಾದ ಜಾಗ ತಣಿಯುತ್ತಾ ಕುಗ್ಗುತ್ತದೆ, ಹಾಳೆ ಬಾಗುತ್ತದೆ. ಮರದ ಅಚ್ಚು ಇಟ್ಟು ನೋಡುತ್ತಾನೆ. ಅಚ್ಚಿಗೂ ಹಾಳೆಗೂ ನಡುವೆ ಇನ್ನೂ ಬೆಳಕು ತೂರಿದರೆ ಮತ್ತೊಂದು ಗೆರೆ.

[ದೃಶ್ಯ: ಕಡಲ ನಡುವಿನ ತೈಲ ಪ್ಲಾಟ್‌ಫಾರ್ಮ್]

ಇಷ್ಟು ಪಳಗಿದ ಕಂಪನಿ ಕೈ ಸುಟ್ಟುಕೊಂಡಿದ್ದು ಆಫ್‌ಶೋರ್‌ನಲ್ಲಿ, ಅಂದರೆ ಕಡಲಲ್ಲಿ ತೈಲ, ಅನಿಲ ತೆಗೆಯುವ ಪ್ಲಾಟ್‌ಫಾರ್ಮ್ ಕೆಲಸದಲ್ಲಿ. ಹಡಗಾದರೆ ಒಂದೇ ನಕ್ಷೆಯಲ್ಲಿ ನಾಲ್ಕೈದು ಕಟ್ಟಬಹುದು. ಪ್ಲಾಟ್‌ಫಾರ್ಮ್ ಹಾಗಲ್ಲ, ಪ್ರತಿಯೊಂದೂ ಹೊಸದು. ಕಟ್ಟುತ್ತಿರುವಾಗಲೇ ನಕ್ಷೆ ಬದಲಾಗುತ್ತದೆ. ಒಪ್ಪಂದದ ಮೊತ್ತ ಮಾತ್ರ ಮೊದಲೇ ನಿಗದಿ. ಜಾಸ್ತಿ ಆದದ್ದು ಕಟ್ಟುವವರ ತಲೆಗೆ. 2014ರಲ್ಲಿ ಹ್ಯುಂಡೈ ಹೆವಿ 3 ಲಕ್ಷ ಕೋಟಿ ವಾನ್‌ಗೂ ಹೆಚ್ಚು ನಷ್ಟ ತೋರಿಸಿತು. ಅದೇ ವರ್ಷ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾ ತೈಲ 2015ರ ಜನವರಿ ಹೊತ್ತಿಗೆ 50ಕ್ಕಿಂತ ಕೆಳಗೆ ಇಳಿಯಿತು. ಹೊಸ ಪ್ಲಾಟ್‌ಫಾರ್ಮ್ ಯಾರಿಗೆ ಬೇಕು?

ಸುಮಾರು 4 ವರ್ಷ ಒಂದೂ ಆಫ್‌ಶೋರ್ ಆರ್ಡರ್ ಬರಲಿಲ್ಲ. 2018ರ ಆಗಸ್ಟ್‌ನಲ್ಲಿ ಅಬುಧಾಬಿಯ ನಸ್ರ್ ತೈಲ ಯೋಜನೆಯ ಕೊನೆಯ ತುಂಡು ಸಾಗಿಹೋಯಿತು, ಉಲ್ಸಾನ್‌ನ ಆಫ್‌ಶೋರ್ ಯಾರ್ಡ್ ಖಾಲಿಯಾಯಿತು. ಮಾಲ್ಮೋದಿಂದ ಬಂದ ಕ್ರೇನ್ ನಿಂತಿದ್ದು ಆ ಯಾರ್ಡ್‌ನಲ್ಲೇ.

[ದೃಶ್ಯ: ಖಾಲಿ ಯಾರ್ಡ್, ಕೊಕ್ಕೆ ಇಳಿಬಿಟ್ಟ ಕ್ರೇನ್]

ಎರಡು ತಿಂಗಳಾದ ಮೇಲೆ, ಅಕ್ಟೋಬರ್‌ನಲ್ಲಿ, ಮೆಕ್ಸಿಕೋ ಕೊಲ್ಲಿಯ ಕಿಂಗ್ಸ್ ಕ್ವೇ ತೇಲುವ ಪ್ಲಾಟ್‌ಫಾರ್ಮ್‌ನ ಆರ್ಡರ್ ಬಂತು.