ಗಾಡಿ ಎಳೆಯುತ್ತಿಲ್ಲ ಅನ್ನುವ ಮುಂಚೆ

ಎಲ್ಲರಿಗೂ ನಮಸ್ಕಾರ.

"ಈಗಿರೋ ಗಾಡಿ ಸಾಕಾಗ್ತಿಲ್ಲ ಸಾರ್, ದೊಡ್ಡದು ತಗೊಳ್ಳಲಾ?" ಬೈಕ್ ಸವಾರಿ ಹೇಳಿಕೊಡುವವರ ಹತ್ತಿರ ತಪ್ಪದೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಬಹಳಷ್ಟು ಜನ ಅಷ್ಟೊತ್ತಿಗೆ ಬಣ್ಣವನ್ನೂ ಆರಿಸಿ ಮುಗಿಸಿರುತ್ತಾರೆ. ನನ್ನಿಂದ ಬೇಕಿರುವುದು ಒಂದು "ಹೂಂ" ಅಷ್ಟೆ. ಹೂಂ ಅನ್ನುವ ಮೊದಲು ನಾನೊಂದು ಪ್ರಶ್ನೆ ಹಾಕುತ್ತೇನೆ: ಎಲ್ಲಿ ಸಾಕಾಗಲಿಲ್ಲ? ಯಾವ ಗೇರಿನಲ್ಲಿದ್ದಿರಿ, ಎಷ್ಟು ವೇಗವಿತ್ತು, ಏರಿನಲ್ಲೋ ಸಮತಟ್ಟಿನಲ್ಲೋ, ಹಿಂದೆ ಯಾರಾದರೂ ಕೂತಿದ್ದರೋ? ಇದಕ್ಕೆ ಥಟ್ಟನೆ ಉತ್ತರ ಕೊಡುವವರಿಗೆ ಸಾಮಾನ್ಯವಾಗಿ ದೊಡ್ಡ ಗಾಡಿ ನಿಜಕ್ಕೂ ಬೇಕಾಗಿರುತ್ತದೆ. ಉತ್ತರಕ್ಕೆ ತಡಕಾಡುವವರಿಗೆ ಬೇಕಿರುವುದು ಬೇರೇನೋ.

ಮೊದಲು ಟಾಪ್ ಸ್ಪೀಡ್ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ, ಬಳಸುವವರು ಮಾತ್ರ ಬಹಳ ಕಡಿಮೆ. ವೇಗ ಹೆಚ್ಚಿದಂತೆ ಎಂಜಿನ್ ಗುದ್ದಾಡುವುದು ಮುಖ್ಯವಾಗಿ ಗಾಳಿಯ ಜತೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಘನದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಎಂಜಿನ್ ಶಕ್ತಿಯನ್ನು ಎರಡು ಪಟ್ಟು ಮಾಡಿದರೂ ಗರಿಷ್ಠ ವೇಗ ಹೆಚ್ಚುವುದು ಸುಮಾರು ಕಾಲು ಭಾಗ ಮಾತ್ರ. ಫೇರಿಂಗ್ (ಗಾಳಿ ಸೀಳಲು ಮುಂದೆ ಹಾಕುವ ಹೊದಿಕೆ) ಇಲ್ಲದ ಬೈಕಿನ ಮೇಲೆ ನೆಟ್ಟಗೆ ಕೂತು, ಸಮತಟ್ಟು ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗ ಕಾಯ್ದುಕೊಳ್ಳಲು ಚಕ್ರಕ್ಕೆ ತಲುಪಬೇಕಾದದ್ದು ಸುಮಾರು 11 ಎಚ್‌ಪಿ (ಅಶ್ವಶಕ್ತಿ). 130ಕ್ಕೆ ಸುಮಾರು 23. 160ಕ್ಕೆ 40 ದಾಟುತ್ತದೆ. ದಿನವೂ 80, 90ರಲ್ಲಿ ಓಡಾಡುವವರಿಗೆ 20 ಎಚ್‌ಪಿ ಗಾಡಿ ಓಡುವುದಕ್ಕೆ ಧಾರಾಳ ಸಾಕು. ಸಾಲದೆ ಹೋಗುವುದು ಪಿಕಪ್‌ಗೆ.

ಪಿಕಪ್ ವಿಷಯದಲ್ಲಿ ದೊಡ್ಡ ಗಾಡಿಯ ಪರವಾಗಿ ಇರುವ ವಾದ ಗಟ್ಟಿಯಾದದ್ದೇ. ನಿಮ್ಮ ಮುಂದೆ 60ರಲ್ಲಿ ಒಂದು ಲಾರಿ ಹೋಗುತ್ತಿದೆ ಅಂದುಕೊಳ್ಳಿ. ಅದರ ಹಿಂದೆ ಒಂದಿಷ್ಟು ಜಾಗ, ಅದರ ಉದ್ದ, ದಾಟಿದ ಮೇಲೆ ಮತ್ತೊಂದಿಷ್ಟು ಜಾಗ, ಎಲ್ಲ ಸೇರಿ ಅದಕ್ಕಿಂತ 45 ಮೀಟರ್ ಹೆಚ್ಚು ಕ್ರಮಿಸಬೇಕು. ನೀವು 80ರಲ್ಲಿ ಹೋದರೆ ಇದಕ್ಕೆ 8 ಸೆಕೆಂಡ್ ಬೇಕು. ಎದುರಿನಿಂದ ಬರುವ ವಾಹನವೂ 80ರಲ್ಲಿದ್ದರೆ ಅಷ್ಟರಲ್ಲಿ ನೀವಿಬ್ಬರೂ ಸೇರಿ 350 ಮೀಟರಿಗಿಂತ ಹೆಚ್ಚು ರಸ್ತೆ ನುಂಗಿರುತ್ತೀರಿ. 100ರಲ್ಲಿ ದಾಟಿದರೆ 4 ಸೆಕೆಂಡ್, 200 ಮೀಟರ್ ಸಾಕು. ವೇಗ ಏರಿಸಲು ಹಿಡಿಯುವ ಹೊತ್ತನ್ನು ನಾನಿಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೆ ಸಣ್ಣ ಎಂಜಿನ್ನಿನ ಸ್ಥಿತಿ ಇನ್ನೂ ಕಷ್ಟ. ಎದುರು ರಸ್ತೆಯಲ್ಲಿ ಕಳೆಯುವ ಹೊತ್ತು ಅರ್ಧಕ್ಕಿಳಿಯುವುದು ಸಣ್ಣ ಲಾಭವೇನಲ್ಲ.

ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಿ, ಲೆಕ್ಕ ಮತ್ತೆ ಬದಲಾಗುತ್ತದೆ. 150 ಕೆ.ಜಿ.ಯ ಗಾಡಿ, 75 ಕೆ.ಜಿ.ಯ ಸವಾರ, 20 ಎಚ್‌ಪಿ: ನೂರು ಕೆ.ಜಿ.ಗೆ ಸುಮಾರು 9 ಎಚ್‌ಪಿ ಬೀಳುತ್ತದೆ. 70 ಕೆ.ಜಿ.ಯವರೊಬ್ಬರು ಹಿಂದೆ ಹತ್ತಿದರೆ ಅದು 7ರ ಕೆಳಗಿಳಿಯುತ್ತದೆ. ಅದೇ 180 ಕೆ.ಜಿ., 45 ಎಚ್‌ಪಿ ಗಾಡಿಯಲ್ಲಿ ಇಬ್ಬರೂ ಕೂತ ಮೇಲೂ 13ಕ್ಕಿಂತ ಹೆಚ್ಚಿರುತ್ತದೆ. ಯಾವಾಗಲೂ ಇಬ್ಬರೇ ಪ್ರಯಾಣ ಮಾಡುವ, ಸಾಮಾನು ಕಟ್ಟಿಕೊಂಡು ಬೆಟ್ಟ ಹತ್ತುವ ಜೋಡಿ ನನ್ನ ಮುಂದೆ ನಿಂತರೆ ನಾನು ಹೆಚ್ಚು ವಾದ ಮಾಡುವುದಿಲ್ಲ.

ಇನ್ನು ಒಬ್ಬರೇ ಓಡಾಡುತ್ತಾ "ಎಳೀತಿಲ್ಲ" ಅನ್ನುವವರು. ಇವರ ಜತೆ ನಾನು ಒಂದು ಸುತ್ತು ಹೋಗಿ ಬರುತ್ತೇನೆ, ಕಣ್ಣಿಡುವುದು ಅವರ ಎಡಗಾಲಿನ ಮೇಲೆ. ಎಂಜಿನ್ನಿನ ಶಕ್ತಿ ಅಂದರೆ ಟಾರ್ಕನ್ನು (ತಿರುಗಿಸುವ ಬಲ) ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿದ್ದು. 9,000 ಆರ್‌ಪಿಎಂನಲ್ಲಿ 20 ಎಚ್‌ಪಿ ಕೊಡುವ ಎಂಜಿನ್ 5,000ದಲ್ಲಿ ಕೊಡುವುದು 11ರ ಆಸುಪಾಸು. ಬಹಳ ಜನ ಜೀವಮಾನದಲ್ಲಿ 5,000 ದಾಟಿಸಿರುವುದಿಲ್ಲ. ಎಂಜಿನ್ ಕೂಗಿದರೆ ಅವರಿಗೆ ಗಾಡಿಗೆ ನೋವಾಗುತ್ತದೆ ಅನ್ನಿಸುತ್ತದೆ, ತಕ್ಷಣ ಮೇಲಿನ ಗೇರ್ ಹಾಕುತ್ತಾರೆ. ಓವರ್‌ಟೇಕ್ ಮಾಡುವಾಗಲೂ ಟಾಪ್ ಗೇರಿನಲ್ಲೇ ಥ್ರಾಟಲ್ ತಿರುಚುತ್ತಾರೆ. ಅವರು ದುಡ್ಡು ಕೊಟ್ಟು ತಂದ ಕುದುರೆಗಳಲ್ಲಿ ಹತ್ತಿರ ಹತ್ತಿರ ಅರ್ಧ ಲಾಯ ಬಿಟ್ಟು ಹೊರಗೇ ಬಂದಿಲ್ಲ. ಎಂಜಿನ್ ಬಿಸಿಯಾದ ಮೇಲೆ ಒಂದೆರಡು ಗೇರ್ ಇಳಿಸಿ, ಟ್ಯಾಕೋಮೀಟರಿನ (ಆರ್‌ಪಿಎಂ ತೋರಿಸುವ ಮೀಟರ್) ಕೆಂಪು ಗೆರೆಯ ಒಳಗೇ ಪೂರ್ತಿ ಎಳೆಸಿ ನೋಡಿ ಅನ್ನುತ್ತೇನೆ. ಎಂಜಿನ್ ಅದಕ್ಕಾಗಿಯೇ ಇರುವುದು. ಕೆಲವರು ಆ ಒಂದು ಸುತ್ತು ಮುಗಿಸಿ ಹೊಸ ಗಾಡಿಯ ವಿಷಯ ಎತ್ತುವುದನ್ನೇ ಬಿಟ್ಟಿದ್ದಾರೆ.

ಗಾಡಿಯ ಆರೋಗ್ಯವನ್ನೂ ನೋಡಬೇಕಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿದೆಯೋ, ಕ್ಲಚ್ ಜಾರುತ್ತಿದೆಯೋ, ಬ್ರೇಕ್ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇದೆಯೋ, ಟೈರಿನಲ್ಲಿ ಗಾಳಿ ಎಷ್ಟಿದೆಯೋ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಇವುಗಳಲ್ಲಿ ಒಂದು ಅಲ್ಲೇ ಗೊತ್ತಾಗುತ್ತದೆ. ಚೈನ್ ಸುತ್ತುವ ಹಲ್ಲಿನ ಚಕ್ರಗಳಲ್ಲಿ ಮುಂದಿನದರಲ್ಲಿ, ಅಂದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ, 15 ಹಲ್ಲಿದ್ದರೆ 14ರದ್ದು ಹಾಕಿಸಬಹುದು. ಪ್ರತಿ ಗೇರಿನಲ್ಲೂ ಚಕ್ರಕ್ಕೆ ಹೋಗುವ ಎಳೆತ ಸುಮಾರು ನೂರಕ್ಕೆ 7ರಷ್ಟು ಹೆಚ್ಚುತ್ತದೆ. ಬದಲಿಗೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತುತ್ತದೆ, ಕೆಲವು ಗಾಡಿಗಳಲ್ಲಿ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಏರು ರಸ್ತೆಯಲ್ಲೇ ಹೆಚ್ಚು ಓಡಾಡುವವರಿಗೆ ಇಷ್ಟೇ ಸಾಕಾಗಿಬಿಡಬಹುದು.

ಈಗ ನಿಲ್ಲಿಸುವ ವಿಷಯ. ಒಳ್ಳೆ ಟೈರು, ಒಣ ರಸ್ತೆ, ನುರಿತ ಕೈ ಇದ್ದರೆ 60 ಕಿ.ಮೀ. ವೇಗದಿಂದ ಬ್ರೇಕ್ ಹಾಕಿ ನಿಲ್ಲಲು ಸುಮಾರು 20 ಮೀಟರ್. ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿಗೆ ಇನ್ನೂ 17 ಮೀಟರ್. 120ರಿಂದ ಆದರೆ 80 ಮತ್ತು 33, ಹೆಚ್ಚುಕಡಿಮೆ 113 ಮೀಟರ್. ದೊಡ್ಡ ಗಾಡಿಗೆ ಸಾಮಾನ್ಯವಾಗಿ ದೊಡ್ಡ ಡಿಸ್ಕ್, ಅಗಲ ಟೈರು, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಲ್ಲ ಇರುತ್ತವೆ, ಅದೇ ವೇಗದಿಂದ ಅದು ಸಣ್ಣ ಗಾಡಿಗಿಂತ ಬೇಗ ನಿಂತರೂ ಆಶ್ಚರ್ಯವಿಲ್ಲ. ತೊಂದರೆ ಇರುವುದು "ಅದೇ ವೇಗ" ಅನ್ನುವಲ್ಲಿ. ಸಣ್ಣ ಗಾಡಿ 100 ಮುಟ್ಟುವಾಗ ನಡುಗುತ್ತದೆ, ಕೂಗುತ್ತದೆ, ನಿಮಗೆ ಗೊತ್ತಾಗುತ್ತದೆ. ದೊಡ್ಡದು ಸದ್ದಿಲ್ಲದೆ 120ಕ್ಕೆ ಹೋಗಿ ಕೂತಿರುತ್ತದೆ. ಓವರ್‌ಟೇಕಿನಲ್ಲೂ ಹೀಗೇ. ಹಿಂದೆ ಕಾಯುತ್ತಿದ್ದ ಜಾಗದಲ್ಲಿ ಈಗ ನುಗ್ಗುವ ಧೈರ್ಯ ಬರುತ್ತದೆ. ಎಂಜಿನ್ ಉಳಿಸಿಕೊಟ್ಟ ಆ 150 ಮೀಟರನ್ನು ಸವಾರ ಖರ್ಚು ಮಾಡಿ ಹಾಕುತ್ತಾನೆ. ಟ್ರ್ಯಾಕ್ಷನ್ ಕಂಟ್ರೋಲ್ ಟೈರಿನ ಹಿಡಿತ ಕಾಯುತ್ತದೆ, ಎದುರಿನ ವಾಹನ ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡಿಕೊಡುವುದಿಲ್ಲ.

1981ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಒಂದು ವರದಿ ಕೊಟ್ಟರು. ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ ಸುಮಾರು 900 ಬೈಕ್ ಅಪಘಾತಗಳನ್ನು ಅವರ ತಂಡ ಸ್ಥಳಕ್ಕೇ ಹೋಗಿ ನೋಡಿತ್ತು. ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ ಇದು: ಅಪಘಾತಕ್ಕೊಳಗಾದ ಸವಾರರಿಗೆ ರಸ್ತೆಯ ಅನುಭವ ಹೆಚ್ಚುಕಡಿಮೆ ಮೂರು ವರ್ಷ ಇತ್ತು, ಆದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ನಿರ್ದಿಷ್ಟ ಗಾಡಿಯ ಮೇಲಿನ ಅನುಭವ 5 ತಿಂಗಳೂ ಆಗಿರಲಿಲ್ಲ. ಅಪಘಾತಕ್ಕೆ ಮುಂಚಿನ ವೇಗದ ಮಧ್ಯಾಂಕ ಗಂಟೆಗೆ 48 ಕಿ.ಮೀ., ಅಂದರೆ ಅರ್ಧದಷ್ಟು ಅಪಘಾತಗಳಲ್ಲಿ ವೇಗ ಇದಕ್ಕಿಂತ ಕಡಿಮೆ. ಈ ಅಂಕಿಗಳು ಎಚ್‌ಪಿ ಬಗ್ಗೆ ಏನನ್ನೂ ಸಾಧಿಸುವುದಿಲ್ಲ, ಅದನ್ನು ಒಪ್ಪುತ್ತೇನೆ. ಹಳೆಯ ಅನುಭವ ಹೊಸ ಗಾಡಿಗೆ ಇಡಿಯಾಗಿ ವರ್ಗವಾಗುವುದಿಲ್ಲ ಅನ್ನುವುದಕ್ಕೆ ಮಾತ್ರ ಇದನ್ನು ಎತ್ತಿಕೊಂಡೆ. ಹೊಸ ಗಾಡಿ ಬಂದ ಮೊದಲ ತಿಂಗಳುಗಳಲ್ಲಿ ನೀವು ಅರೆ ಹೊಸಬರು.

ಒಂದು ಉದಾಹರಣೆ ಕೊಡುತ್ತೇನೆ. ಹಂಪ್ ಹಾರಿದಾಗ ಅಥವಾ ಗುಂಡಿಗೆ ಬಿದ್ದಾಗ ಸವಾರನ ಮೈ ಹಿಂದಕ್ಕೆ ವಾಲುತ್ತದೆ. ಬೀಳದಿರಲು ಅವನು ಹ್ಯಾಂಡಲ್ ಬಿಗಿ ಹಿಡಿಯುತ್ತಾನೆ, ಮಣಿಕಟ್ಟು ಕೆಳಕ್ಕೆ ಕುಸಿಯುತ್ತದೆ, ಥ್ರಾಟಲ್ ಇನ್ನಷ್ಟು ತೆರೆಯುತ್ತದೆ. ಗಾಡಿ ಮುಂದಕ್ಕೆ ಜಿಗಿಯುತ್ತದೆ, ಮೈ ಮತ್ತೂ ಹಿಂದಕ್ಕೆ, ಕೈ ಮತ್ತೂ ಬಿಗಿ. 15 ಎಚ್‌ಪಿಯಲ್ಲಿ ಇದು ಒಂದು ಎಗರು, ಆಮೇಲೆ ನಗು. 100 ಎಚ್‌ಪಿಯಲ್ಲಿ ಮುಂದಿನ ಚಕ್ರ ನೆಲ ಬಿಟ್ಟಿರುತ್ತದೆ. ನಾನು ಹೊಸಬರನ್ನು ನಿಂತ ಗಾಡಿಯ ಮೇಲೆ ಕೂರಿಸಿ ಹಿಂದಿನಿಂದ ಭುಜ ಹಿಡಿದು ಜಗ್ಗುತ್ತೇನೆ. ಮೊಣಕಾಲಿನಿಂದ ಟ್ಯಾಂಕ್ ಅಪ್ಪಿಕೊಂಡಿರುವವರ ಮಣಿಕಟ್ಟು ಅಲ್ಲಾಡುವುದಿಲ್ಲ. ಹ್ಯಾಂಡಲಿಗೇ ಜೋತುಬಿದ್ದಿರುವವರದು ತಿರುಗಿಯೇ ತಿರುಗುತ್ತದೆ. ಎರಡನೆಯವರಿಗೆ ಈ ಅಭ್ಯಾಸ ಹೋಗುವವರೆಗೂ ದೊಡ್ಡ ಗಾಡಿ ಬೇಡ ಅಂತ ನೇರವಾಗಿ ಹೇಳುತ್ತೇನೆ. ಕೆಲವರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ.

ಯುರೋಪ್ ಒಕ್ಕೂಟದ ಲೈಸೆನ್ಸ್ ಪದ್ಧತಿಯನ್ನು ನೋಡಿ. ಮೊದಲ ಮೆಟ್ಟಿಲು 125 ಸಿಸಿ, 11 ಕಿಲೋವ್ಯಾಟ್, ಅಂದರೆ 15 ಎಚ್‌ಪಿ. ಮುಂದಿನದು 35 ಕಿಲೋವ್ಯಾಟ್, ಸುಮಾರು 47 ಎಚ್‌ಪಿ. ಅದರ ಮೇಲೆ ಎರಡು ವರ್ಷ ಓಡಿಸಿದ ನಂತರ ಮಿತಿಯಿಲ್ಲದ ಲೈಸೆನ್ಸಿಗೆ ಅರ್ಹತೆ. ವಯಸ್ಸು 24 ಆದವರು ನೇರವಾಗಿಯೂ ಹೋಗಬಹುದು. ಜಪಾನಿನಲ್ಲಿ 400 ಸಿಸಿ ದಾಟಿದರೆ ಬೇರೆಯೇ ಲೈಸೆನ್ಸ್ ಬೇಕು. ನೀವಿರುವ ಕಡೆ ಇಂಥ ಕಾನೂನು ಇಲ್ಲದಿದ್ದರೂ ಮೆಟ್ಟಿಲನ್ನು ನೀವೇ ಕಟ್ಟಿಕೊಳ್ಳಬಹುದು. 20 ಎಚ್‌ಪಿಯಿಂದ 45ಕ್ಕೆ ಹೋಗುವುದು ನನ್ನ ಪ್ರಕಾರ ಸರಿಯಾದ ಏರಿಕೆ. ಅಲ್ಲಿಂದ ಒಂದೇ ಸಲ 100ಕ್ಕೆ ಹಾರುವವರನ್ನು ಕಂಡರೆ ನನಗೆ ಭಯ. 1969ರಲ್ಲಿ ಹೋಂಡಾ ಸಿಬಿ750 ಬಂದಾಗ ಅದರ 67 ಎಚ್‌ಪಿ ನೋಡಿ ಜಗತ್ತು ಬೆರಗಾಗಿತ್ತು, ಈಗ ಅದು ಮಧ್ಯಮ ಗಾತ್ರದ ಬೈಕಿನ ಲೆಕ್ಕ. ಎಂಜಿನ್‌ಗಳು ಬೆಳೆದಷ್ಟು ನಮ್ಮ ಕಣ್ಣು ಕೈ ಬೆಳೆದಿಲ್ಲ.

ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು: ಪೆಟ್ರೋಲ್, ವಿಮೆ, ಚೈನ್ ಸೆಟ್. ಜನ ಮರೆಯುವುದು ಟೈರನ್ನು. ದೊಡ್ಡ ಗಾಡಿಯ ಹಿಂದಿನ ಟೈರ್ ಸಾಮಾನ್ಯವಾಗಿ ದುಬಾರಿ, ಸವೆಯುವುದೂ ಬೇಗ.

ಇನ್ನೊಂದು ಮಾತು. "ಅಗತ್ಯ ಏನಿಲ್ಲ ಸಾರ್, ಮನಸ್ಸಾಗಿದೆ" ಅನ್ನುವವರೂ ಬರುತ್ತಾರೆ. ನನಗೆ ಇವರು ಇಷ್ಟ. ಆಸೆಯೂ ಒಂದು ಕಾರಣವೇ. ಆಸೆಗೆ "ಸುರಕ್ಷತೆಗಾಗಿ ಪವರ್ ಬೇಕು" ಅನ್ನುವ ವೇಷ ಹಾಕಿಕೊಂಡು ಬರುವವರ ಜತೆ ಮಾತಾಡುವುದು ಕಷ್ಟ, ಯಾಕೆಂದರೆ ಅವರು ಮನೆಯವರಿಗೆ ಹೇಳಿದ ಸುಳ್ಳನ್ನು ತಾವೇ ನಂಬಿರುತ್ತಾರೆ.

ಟೆಸ್ಟ್ ರೈಡಿಗೆ ಹೋದಾಗ ಥ್ರಾಟಲ್ ತಿರುಚಿ ರೋಮಾಂಚನಗೊಂಡು ವಾಪಸ್ ಬರಬೇಡಿ. ಎಂಜಿನ್ ಆಫ್ ಮಾಡಿ, ಸ್ವಲ್ಪ ಇಳಿಜಾರಿರುವಲ್ಲಿ ಗಾಡಿಯನ್ನು ಹಿಂದಕ್ಕೆ ತಳ್ಳಿ ಪಾರ್ಕ್ ಮಾಡಿ ನೋಡಿ. 200 ಕೆ.ಜಿ. ಅಂದರೆ ಏನೆಂದು ಬ್ರೋಷರ್ ಹೇಳದ್ದನ್ನು ನಿಮ್ಮ ಸೊಂಟ ಹೇಳುತ್ತದೆ. ಹಾಫ್ ಕ್ಲಚ್‌ನಲ್ಲಿ, ಕಾಲು ಕೆಳಗಿಡದೆ, ಕಿರಿದಾದ ರಸ್ತೆಯಲ್ಲಿ ಯೂ ಟರ್ನ್ ಮಾಡಿ. ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ಓಡಿಸಿ, ರೇಡಿಯೇಟರ್ ಫ್ಯಾನಿನ ಬಿಸಿ ತೊಡೆಗೆ ಎಷ್ಟು ತಟ್ಟುತ್ತದೆ ನೋಡಿ. ಖಾಲಿ ರಸ್ತೆಯಲ್ಲಿ ಮುಂದಿನ ಬ್ರೇಕನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಶುರುಮಾಡಿ ಬಿಗಿಗೊಳಿಸುತ್ತಾ ನಿಲ್ಲಿಸಿ. ನಿಮ್ಮ ಜತೆ ದಿನವೂ ಕೂರುವವರನ್ನು ಹಿಂದೆ ಕೂರಿಸಿಕೊಂಡು ಇದನ್ನೆಲ್ಲ ಮತ್ತೊಮ್ಮೆ ಮಾಡಿ. ಷೋರೂಮಿನವರು ಗಡಿಯಾರ ನೋಡುತ್ತಾರೆ, ನೋಡಲಿ ಬಿಡಿ.

ಸೀಟಿನ ಎತ್ತರದ ಬಗ್ಗೆ ಬೇಕಂತಲೇ ಏನೂ ಹೇಳಲಿಲ್ಲ. ಅದು ಒಬ್ಬೊಬ್ಬರಿಗೆ ಒಂದೊಂದು ಥರ, ಮತ್ತೆ ಅದರ ಬಗ್ಗೆ ಜಗಳವೂ ಜಾಸ್ತಿ. ಪ್ರಶ್ನೆ ಇರುವವರು ಅಲ್ಲಿಂದಲೇ ಶುರು ಮಾಡಿ.